ಕೂಡಿಸು, ಸೇರಿಸು, ತಿದ್ದು: ಅಕ್ಷರದ ಶೈಲಿಗೆ ಯಾವ ಪದ?

ಎಲ್ಲರಿಗೂ ನಮಸ್ಕಾರ. ಕೇರಳದ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿ ಕನ್ನಡ ಮಾಧ್ಯಮದ ಕೆಲವು ಮಕ್ಕಳಿಗೆ ಭಾನುವಾರ ಆಂಡ್ರಾಯ್ಡ್ ಆ್ಯಪ್ ಬರೆಯಲು ಹೇಳಿಕೊಡುತ್ತೇನೆ. ಟಿಪ್ಪಣಿಯನ್ನೂ ಕನ್ನಡದಲ್ಲೇ ಬರೆಯುತ್ತೇನೆ. ಒಂದು ಪದ ಮಾತ್ರ ಸರಿಹೋಗುತ್ತಿಲ್ಲ.

ಒಂದೇ ಅಕ್ಷರ ದಪ್ಪವೂ ಆಗಬೇಕು, ಓರೆಯೂ ಆಗಬೇಕು. ಈ ‘ಕಂಬೈನ್’ಗೆ ನಾನು ‘ಕೂಡಿಸು’ ಎಂದು ಬರೆದಿದ್ದೆ. ಆಂಡ್ರಾಯ್ಡ್‌ನಲ್ಲಿ ಬೋಲ್ಡ್ (ದಪ್ಪ) ಅಂದರೆ 1, ಇಟಾಲಿಕ್ (ಓರೆ) ಅಂದರೆ 2, ಎರಡೂ ಇದ್ದರೆ 3. ಒಬ್ಬಳು ಹುಡುಗಿ ಟಿಪ್ಪಣಿ ನೋಡಿ ನಡುವೆ ಕೂಡುವ ಚಿಹ್ನೆಯನ್ನೇ ಹಾಕಿದಳು. ಮೂರು ಬಂತು, ಅಕ್ಷರವೂ ಸರಿ ಬಂತು. ಮುಂದಿನ ವಾರ ಮೊದಲೇ ದಪ್ಪವಾಗಿದ್ದ ತಲೆಬರಹಕ್ಕೆ ಇನ್ನೊಮ್ಮೆ ಬೋಲ್ಡ್ ಕೂಡಿಸಿದಳು. ಒಂದಕ್ಕೆ ಒಂದು ಕೂಡಿ ಎರಡಾಯಿತು. ದಪ್ಪ ಹೋಗಿ ಅಕ್ಷರ ಓರೆಯಾಗಿ ನಿಂತಿತು! ತಪ್ಪು ಅವಳದಲ್ಲ, ನಾನು ಕೊಟ್ಟ ಪದದ್ದು. ಅಲ್ಲಿ ಬೇಕಾದದ್ದು ನೆಟ್ಟಗಿನ ಗೆರೆಯ ‘ಆರ್’ (|) ಚಿಹ್ನೆ. ಇದ್ದದ್ದನ್ನೇ ಮತ್ತೆ ಹಾಕಿದರೂ ಅದರಲ್ಲಿ ಲೆಕ್ಕ ಏರುವುದಿಲ್ಲ.

‘ಬೆರೆಸು’ ಬೇಡ. ಮಜ್ಜಿಗೆಗೆ ಬೆರೆಸಿದ ಉಪ್ಪನ್ನು ಮತ್ತೆ ತೆಗೆಯಲಾದೀತಾ? ಇಲ್ಲಿ ಓರೆಯನ್ನು ಮಾತ್ರ ತೆಗೆದು ದಪ್ಪವನ್ನು ಉಳಿಸಿಕೊಳ್ಳಬಹುದು. ‘ಸೇರಿಸು’ ಒಪ್ಪುತ್ತದೆ. ಮಲಯಾಳದ ‘ಚೇರ್ಕ್ಕುಕ’ ದಿನಾ ಕಿವಿಗೆ ಬೀಳುವ ನಮ್ಮ ಮಕ್ಕಳಿಗೆ ಅದು ಬೇಗ ಹತ್ತುತ್ತದೆ.

ಜಾಸ್ತಿ ತೊಡಕು ‘ಮರ್ಜ್’ನದ್ದು. ಆ್ಯಪ್ ಬರೆಯುವ ಸಲಕರಣೆಗಳಾದ ಜೆಟ್‌ಪ್ಯಾಕ್ ಕಂಪೋಸ್‌ನಲ್ಲೂ ಫ್ಲಟರ್‌ನಲ್ಲೂ ಒಂದು ಶೈಲಿಗೆ ಇನ್ನೊಂದನ್ನು ಮರ್ಜ್ ಮಾಡಿದರೆ ಎರಡನೆಯದು ಹೇಳಿದ್ದೇ ನಡೆಯುತ್ತದೆ. ಅದು ಏನೂ ಹೇಳದ ಕಡೆ ಮೊದಲನೆಯದು ಉಳಿಯುತ್ತದೆ. ಮೊದಲನೆಯದರಲ್ಲಿ ಅಡಿಗೆರೆ, ಎರಡನೆಯದರಲ್ಲಿ ನಡುಗೆರೆ ಇದ್ದರೆ ಅಡಿಗೆರೆ ಮಾಯ. ಎರಡೂ ಗೆರೆ ಬೇಕಿದ್ದರೆ ಅವನ್ನು ಬೇರೆಯಾಗಿ ‘ಕಂಬೈನ್’ ಮಾಡಬೇಕು. ಹಾಗಾಗಿ ಎರಡಕ್ಕೂ ‘ಸೇರಿಸು’ ಅಂದರೆ ಮಕ್ಕಳು ಮತ್ತೆ ದಾರಿ ತಪ್ಪುತ್ತಾರೆ, ಅಲ್ವಾ?

‘ಹೊದಿಸು’ ಅಂತ ಬರೆದು ನೋಡಿದೆ. ಹೊದಿಸಿದರೆ ಕೆಳಗಿನದು ಪೂರ್ತಿ ಮುಚ್ಚಿಹೋಗುತ್ತದೆ. ಕೊನೆಗೆ ಹೊಳೆದದ್ದು ‘ತಿದ್ದು’. ಮಗು ಬರೆದದ್ದನ್ನು ಟೀಚರ್ ತಿದ್ದುವಾಗ ಪೆನ್ನು ತಾಗಿದಲ್ಲಿ ಮಾತ್ರ ಹೊಸದು, ಉಳಿದದ್ದು ಮಗುವಿನದ್ದೇ. ಮರ್ಜ್ ಮಾಡುವುದೂ ಅದನ್ನೇ. ಆದರೆ ‘ತಿದ್ದು’ ಅಂದ ಕೂಡಲೇ ಮೊದಲಿನದು ತಪ್ಪಾಗಿತ್ತು ಎಂಬ ಅರ್ಥ ನಿಮಗೂ ಬರುತ್ತದಾ? ‘ಮೇಲೆ ತಿದ್ದು’ ಅಂದರೆ ಆ ದೋಷ ಹೋದೀತಾ? ನಿಮ್ಮ ಊರಲ್ಲಿ ಇದಕ್ಕೆ ಬೇರೆ ಮಾತಿದ್ದರೆ ದಯವಿಟ್ಟು ಬರೆಯಿರಿ. ಭಾನುವಾರದೊಳಗೆ ಟಿಪ್ಪಣಿ ಸರಿಮಾಡಬೇಕು.