ಹರಿವ ನದಿಯಲ್ಲಿ ಕಯಾಕ್‌ಗೆ ಲಂಗರು ಹಾಕಬಹುದೇ?

ಪ್ರಶ್ನೆ: ಕೆರೆಯ ನಿಂತ ನೀರಿನಲ್ಲಿ, ಹುಟ್ಟು ಹಾಕಿ ನಡೆಸುವ ಕಿರಿದಾದ ಸಣ್ಣ ದೋಣಿಯಾದ ಕಯಾಕ್‌ನಿಂದ ಗಾಳ ಹಾಕುವ ಅಭ್ಯಾಸವಿರುವ ನಾನು ಈಗ ನದಿಯ ಹರಿವಿನೊಂದಿಗೆ ಸಾಗುತ್ತ ಮೀನು ಹಿಡಿಯಬೇಕೆಂದಿದ್ದೇನೆ. ಒಳ್ಳೆಯ ತಾಣ ಕಂಡಲ್ಲಿ ಲಂಗರು ಹಾಕಿ ನಿಲ್ಲುವುದು ಸರಿಯೇ?

ಉತ್ತರ 1: ರಭಸದ ಹರಿವಿನಲ್ಲಿ ದಯವಿಟ್ಟು ಬೇಡ. ಪಕ್ಕದಿಂದ ಇಳಿಬಿಟ್ಟ ಲಂಗರು ಕಲ್ಲಿಗೆ ಸಿಕ್ಕಿಕೊಂಡರೆ, ಅಡ್ಡಲಾಗಿ ತಿರುಗಿದ ಕಯಾಕ್‌ನ ಮೇಲೆ ನೀರಿನ ಒತ್ತಡವೆಲ್ಲ ಬಿದ್ದು ಅದು ಕ್ಷಣಾರ್ಧದಲ್ಲಿ ಮಗುಚಬಹುದು. ಅದರ ಬದಲು ದೊಡ್ಡ ಬಂಡೆಯ ಹಿಂದಿನ ಶಾಂತ ನೀರಿನಲ್ಲಿ ನಿಂತು, ವೇಗದ ಮತ್ತು ನಿಧಾನದ ಹರಿವುಗಳು ಸಂಧಿಸುವ ಗೆರೆಗೆ ಗಾಳ ಎಸೆಯಿರಿ. ಕೊಚ್ಚಿಬರುವ ಆಹಾರಕ್ಕಾಗಿ ಮೀನುಗಳು ಹೆಚ್ಚು ಶಕ್ತಿ ವ್ಯಯಿಸದೆ ಅಲ್ಲಿಯೇ ಕಾಯುತ್ತವೆ.

ಉತ್ತರ 2: ನೀರಿಗೆ ಬಿದ್ದ ಮರಗಳಿಂದಲೂ ದೂರವಿರಿ, ಏಕೆಂದರೆ ಹರಿವು ನಿಮ್ಮನ್ನು ಕೊಂಬೆಗಳಿಗೆ ಒತ್ತಿ ಹಿಡಿಯುತ್ತದೆ. ಜೀವರಕ್ಷಕ ಜಾಕೆಟ್ ಸದಾ ಮೈಮೇಲಿರಲಿ.

ಉತ್ತರ 3: ಚಿಕ್ಕ ಒಡ್ಡು ಎದುರಾದರೆ ದಡಕ್ಕಿಳಿದು, ಕಯಾಕ್ ಹೊತ್ತು ದಾಟಿ.