ಮ್ಯೂಆನ್ ಎಣಿಸೋಕೆ ಪಿಎಂಟಿನಾ, ಎಸ್‌ಐಪಿಎಂನಾ? ಮುಂಬಯಿ ಮಳೆಗಾಲದ ಅನುಭವ ಇದ್ದವರು ಹೇಳಿ

ಪ್ರಶ್ನೆ, ಮಾಟುಂಗದಿಂದ:
ಹಿರಿಯರಲ್ಲಿ ಒಂದು ಸಲಹೆ ಬೇಕಿತ್ತು. ಎಂಎಸ್ಸಿ ಪ್ರಾಜೆಕ್ಟಿಗೆ ಕಾಸ್ಮಿಕ್ ಕಿರಣದ ಮ್ಯೂಆನ್ (ಆಕಾಶದಿಂದ ಬೀಳುವ ಸೂಕ್ಷ್ಮ ಕಣ) ಎಣಿಸುವ ಕೌಂಟರ್ ಮಾಡುತ್ತಿದ್ದೇನೆ. ಕಣ ಹಾದಾಗ ಮಿನುಗುವ ಪ್ಲಾಸ್ಟಿಕ್ ಸಿಂಟಿಲೇಟರ್ ಇದೆ, ಆ ಮಿನುಗನ್ನು ವಿದ್ಯುತ್ ಪಲ್ಸ್ ಮಾಡುವ ಹಳೆಯ ಫೋಟೋಮಲ್ಟಿಪ್ಲಯರ್ ಟ್ಯೂಬ್ (ಪಿಎಂಟಿ) ಎರಡಿವೆ. ಸಂಜೆ ಲ್ಯಾಬಿನ ಎಸಿ ನಿಂತರೆ ಸಾಕು, ಕೌಂಟ್ ಏರುತ್ತಲೇ ಹೋಗುತ್ತದೆ. ಟ್ಯೂಬ್ ಬಿಟ್ಟು ಅದೇ ಕೆಲಸ ಮಾಡುವ ಚಿಪ್, ಸಿಲಿಕಾನ್ ಫೋಟೋಮಲ್ಟಿಪ್ಲಯರ್ (ಎಸ್‌ಐಪಿಎಂ) ಕೊಂಡರೆ ಸರಿಹೋದೀತೇ?

ಉತ್ತರ, ಚೆಂಬೂರಿನಿಂದ:
ಈಗಲೇ ದುಡ್ಡು ಹಾಕಬೇಡಿ. ಇರುವ ಟ್ಯೂಬನ್ನೇ ಮೊದಲು ವಿಚಾರಿಸಿಕೊಳ್ಳೋಣ.

ನೀಲಿ ಬೆಳಕಿನ ನೂರು ಫೋಟಾನ್ ಬಿದ್ದರೆ ಟ್ಯೂಬಿನ ಮುಂಬದಿಯ ಲೇಪನದಿಂದ (ಫೋಟೋಕ್ಯಾಥೋಡ್) ಸುಮಾರು 25 ಎಲೆಕ್ಟ್ರಾನ್ ಹೊರಡುತ್ತವೆ. ಆದರೆ ಅದರಲ್ಲಿ ಒಂದೊಂದೂ ಡೈನೋಡುಗಳನ್ನು (ಎಲೆಕ್ಟ್ರಾನ್ ಸಂಖ್ಯೆ ಹೆಚ್ಚಿಸುವ ಫಲಕಗಳು) ದಾಟುವಷ್ಟರಲ್ಲಿ ಹತ್ತು ಲಕ್ಷದಷ್ಟಾಗುತ್ತದೆ. ಸೆಕೆಗೆ ತಾನಾಗಿ ಹೊರಬಿದ್ದ ಎಲೆಕ್ಟ್ರಾನಿಗೂ ಇದೇ ಮರ್ಯಾದೆ ಸಿಗುತ್ತದೆ. ಕೌಂಟ್ ಏರುವುದಕ್ಕೆ ಒಂದು ಕಾರಣ ಇದು.

ಕೋಣೆಯ ದೀಪ ಹಾಕಿ ಎಣಿಸಿ, ಆರಿಸಿ ಎಣಿಸಿ. ವ್ಯತ್ಯಾಸ ಬಂದರೆ ಎಲ್ಲೋ ಬೆಳಕು ನುಸುಳುತ್ತಿದೆ. ಕೇಬಲ್ ಹೊರಬರುವ ತೂತು, ಟೇಪಿನ ಮೂಲೆ ನೋಡಿ. ವೋಲ್ಟೇಜ್ ಇರುವಾಗ ಮಾತ್ರ ಡಬ್ಬಿ ತೆರೆಯಲೇಬಾರದು. ವೋಲ್ಟೇಜ್ ಇಲ್ಲದೆಯೂ ಟ್ಯೂಬು ಬೆಳಕು ಕಂಡಿದ್ದರೆ ಗಂಟೆಗಟ್ಟಲೆ ಗದ್ದಲ ಮಾಡುತ್ತದೆ, ರಾತ್ರಿಯಿಡೀ ಕತ್ತಲಲ್ಲಿಟ್ಟು ಆಮೇಲೆ ಎಣಿಸಿ.

ಇನ್ನು, ಎರಡು ಟ್ಯೂಬ್ ಇರುವುದು ನಿಮ್ಮ ಭಾಗ್ಯ. ಸಿಂಟಿಲೇಟರನ್ನು ಎರಡು ಹಲಗೆ ಮಾಡಿ, ಒಂದರ ಮೇಲೊಂದಿಟ್ಟು ಕೊಇನ್ಸಿಡೆನ್ಸ್ ಹಾಕಿ, ಅಂದರೆ ಎರಡರಲ್ಲೂ ಒಟ್ಟಿಗೆ ಪಲ್ಸ್ ಬಂದರೆ ಮಾತ್ರ ಎಣಿಸಿ. ಒಂದೊಂದರಲ್ಲೂ ಸೆಕೆಂಡಿಗೆ 1000 ಸುಳ್ಳು ಪಲ್ಸ್ ಇರಲಿ. 100 ನ್ಯಾನೋಸೆಕೆಂಡ್ ಅಂತರದೊಳಗೆ ಅವು ಕಾಕತಾಳೀಯವಾಗಿ ಜೊತೆಯಾಗುವುದು ನಿಮಿಷಕ್ಕೆ 12ರಷ್ಟು ಮಾತ್ರ. ಸಮುದ್ರಮಟ್ಟದಲ್ಲಿ ಚದರ ಸೆಂಟಿಮೀಟರಿಗೆ ನಿಮಿಷಕ್ಕೆ ಸುಮಾರು ಒಂದು ಮ್ಯೂಆನ್ ಬೀಳುತ್ತದೆ. 10 ಸೆಂಟಿಮೀಟರ್ ಚೌಕದ ಹಲಗೆಗೆ ನೂರರಷ್ಟಾಯಿತು. ಥ್ರೆಶೋಲ್ಡ್ (ಎಣಿಕೆಗೆ ಬೇಕಾದ ಕನಿಷ್ಠ ಪಲ್ಸ್ ಎತ್ತರ) ಸ್ವಲ್ಪ ಏರಿಸಿದರೆ ಸುಳ್ಳು ಇನ್ನೂ ಇಳಿಯುತ್ತದೆ.

ಉತ್ತರ, ಪುಣೆಯ ಚಾಕಣದಿಂದ:
ಚೆಂಬೂರಿನವರ ಮಾತಿಗೆ ನನ್ನದೂ ಸಹಮತ. ಎಸ್‌ಐಪಿಎಂ ಒಳ್ಳೆಯ ವಸ್ತು. ಸಾವಿರ ವೋಲ್ಟ್ ಬೇಡ, ಕೆಲವು ಹತ್ತು ವೋಲ್ಟ್ ಸಾಕು. ಕಾಂತಕ್ಷೇತ್ರಕ್ಕೆ ಜಗ್ಗುವುದಿಲ್ಲ, ಆಸ್ಪತ್ರೆಯ ಪೆಟ್-ಎಂಆರ್‌ಐ ಸ್ಕ್ಯಾನ್ ಯಂತ್ರಗಳಲ್ಲಿ ಅದನ್ನು ಹಾಕುವುದು ಅದಕ್ಕೇ. ಆದರೆ ನಿಮ್ಮ ಕಷ್ಟ ಶಾಖದ್ದು, ಅದಕ್ಕೆ ಇದು ಮದ್ದಲ್ಲ. ಕೋಣೆಯ ತಾಪದಲ್ಲಿ ಚದರ ಮಿಲಿಮೀಟರಿಗೆ ಸೆಕೆಂಡಿಗೆ ಹತ್ತಾರು ಸಾವಿರ ಡಾರ್ಕ್ ಕೌಂಟ್ (ಬೆಳಕಿಲ್ಲದೆ ಬರುವ ಸುಳ್ಳು ಪಲ್ಸ್) ಬರುತ್ತವೆ. ಸೆಕೆ ಏರಿದಂತೆ ಬ್ರೇಕ್‌ಡೌನ್ ವೋಲ್ಟೇಜೂ (ಚಿಪ್ ಕೆಲಸ ಶುರುಮಾಡಲು ಬೇಕಾದ ವೋಲ್ಟೇಜ್) ಏರುತ್ತದೆ, ಹಮಾಮಾತ್ಸು ಕಂಪನಿಯ ಕೆಲವು ಚಿಪ್‌ಗಳಲ್ಲಿ ಡಿಗ್ರಿಗೆ ಸುಮಾರು 54 ಮಿಲಿವೋಲ್ಟ್. ಬಯಾಸನ್ನು (ಚಿಪ್‌ಗೆ ಕೊಡುವ ವೋಲ್ಟೇಜ್) ತಾಪಕ್ಕೆ ತಕ್ಕಂತೆ ಸರಿಪಡಿಸದಿದ್ದರೆ ಗೇನ್ (ವರ್ಧನೆ) ಕುಸಿಯುತ್ತದೆ. ಕೊಳ್ಳುವುದಾದರೆ ತಾಪ ಸರಿದೂಗಿಸುವ ಬಯಾಸ್ ಸರ್ಕ್ಯೂಟ್ ಇರುವುದನ್ನೇ ಕೊಳ್ಳಿ.

ಉತ್ತರ, ಪಣಜಿಯಿಂದ:
ಎಸಿ ನಿಂತರೆ ಸೆಕೆ ಮಾತ್ರವಲ್ಲ, ತೇವವೂ ಏರುತ್ತದೆ. ನಮ್ಮಲ್ಲಿ ಉಪ್ಪುಗಾಳಿಗೆ ಸಾಕೆಟ್ಟಿನ ಪಿನ್ನುಗಳ ನಡುವೆ ಪೊರೆ ಕಟ್ಟಿ ಕರೆಂಟು ಸೋರುತ್ತದೆ. ಹೈವೋಲ್ಟೇಜ್ ಆರಿಸಿ, ಚಾರ್ಜ್ ಪೂರ್ತಿ ಇಳಿದ ಮೇಲೆ ಐಸೋಪ್ರೊಪೈಲ್ ಆಲ್ಕೋಹಾಲಿನಲ್ಲಿ ಒರೆಸಿ ಒಣಗಿಸಿ, ಡಬ್ಬಿಯಲ್ಲಿ ಸಿಲಿಕಾ ಜೆಲ್ ಇಡಿ. ಸಾಕೆಟ್ಟಿನ ಫೋಟೋ ಒಂದು ಹಾಕಿ, ಹಸಿರು ಕಿಲುಬು ಹಿಡಿದಿದ್ದರೆ ಒರೆಸುವುದು ಬಿಟ್ಟು ಬದಲಾಯಿಸುವುದೇ ಮೇಲು.