ಅಪೆನೈನ್ ಬೆಟ್ಟ ವರ್ಷಕ್ಕೆ 35 ಮಿ.ಮೀ. ಹಿಗ್ಗುತ್ತಿದೆ ಅಂತ ಬರ್ತಿದೆ, 3 ಬರಬೇಕಿತ್ತು. ಯಾರಾದರೂ ನೋಡಿ

ಕೋಥ್ರೂಡ್_ರಿನೆಕ್ಸ್
ಮೂರು ವಾರದಿಂದ ರಾತ್ರಿ ಎಲ್ಲ ಇದೇ ಕೆಲಸ. ಮಧ್ಯ ಇಟಲಿಯ ಅಪೆನೈನ್ ಸಾಲು ನೈಋತ್ಯ–ಈಶಾನ್ಯವಾಗಿ ವರ್ಷಕ್ಕೆ ಸುಮಾರು 3 ಮಿ.ಮೀ. ಅಗಲವಾಗುತ್ತಿದೆ. 2009ರ ಏಪ್ರಿಲ್ 6ರಂದು ಲಾಕ್ವಿಲಾವನ್ನು ಕೆಡವಿದ ಭೂಕಂಪಕ್ಕೂ ಇದೇ ಹಿಗ್ಗುವಿಕೆ ಮೂಲ. ಇಲ್ಲಿ ಪುಣೆಯಲ್ಲಿ ಕೂತು, ಸಾರ್ವಜನಿಕ ಡೇಟಾದಿಂದ ಆ 3 ಮಿ.ಮೀ.ಯನ್ನು ನಾನೇ ಕಣ್ಣಾರೆ ನೋಡಬೇಕು ಅಂತ ಆಸೆ. ಬೆಟ್ಟದ ಆಚೆಗೊಂದು, ಈಚೆಗೊಂದು ಜಿಪಿಎಸ್ ಸ್ಟೇಷನ್ (ನೆಲಕ್ಕೆ ಗಟ್ಟಿಯಾಗಿ ಕೂರಿಸಿದ, ಸದಾ ಓಡುವ ರಿಸೀವರ್) ಆರಿಸಿದೆ. ನಾಲ್ಕು ವರ್ಷದ ದಿನದಿನದ ಸ್ಥಾನ, ಒಂದರಿಂದ ಇನ್ನೊಂದನ್ನು ಕಳೆದು ಗೆರೆ ಎಳೆದರೆ 35! ಎಲ್ಲ ಸೆಟ್ಟಿಂಗೂ ಸರಿ ಇದೆ, ಹತ್ತು ಸಲ ನೋಡಿದ್ದೇನೆ. ತಪ್ಪು ಎಲ್ಲಿ?

ಡೊಂಬಿವಲಿ_ಚೋಕ್‌ರಿಂಗ್
ಆಂಟೆನಾ. ನೂರಕ್ಕೆ ನೂರು ಆಂಟೆನಾ. ಆಂಟೆಕ್ಸ್ ಫೈಲ್ (ಆಂಟೆನಾ ಮಾದರಿಗಳ ತಿದ್ದುಪಡಿ ಪಟ್ಟಿ) ಹಾಕದೆ ಪಿಪಿಪಿ (ಒಂದೊಂದೇ ಸ್ಟೇಷನ್ನಿನ ನಿಖರ ಸ್ಥಾನದ ಲೆಕ್ಕ) ಓಡಿಸಿದರೆ ಫೇಸ್ ಸೆಂಟರ್, ಅಂದರೆ ಆಂಟೆನಾ ಸಿಗ್ನಲ್ ಹಿಡಿಯುವ ಬಿಂದು, ಎಲ್ಲಿದೆ ಅಂತ ಸಾಫ್ಟ್‌ವೇರ್‌ಗೆ ಹೇಗೆ ಗೊತ್ತಾಗಬೇಕು? ರಿನೆಕ್ಸ್ (ರಿಸೀವರಿನ ಕಚ್ಚಾ ಡೇಟಾ ಫೈಲ್) ಹೆಡರ್‌ನಲ್ಲಿರುವ ಆಂಟೆನಾ ಹೆಸರು, ಅದರ ಪಕ್ಕದ ರೇಡೋಮ್ (ಆಂಟೆನಾ ಮುಚ್ಚಳ) ಕೋಡ್, ಎರಡೂ ಆಂಟೆಕ್ಸ್‌ನಲ್ಲಿ ಅಕ್ಷರಕ್ಕೆ ಅಕ್ಷರ ಕೂಡಬೇಕು. ಹೆಡರ್ ಇಲ್ಲಿ ಹಾಕಿ.

ಕೋಥ್ರೂಡ್_ರಿನೆಕ್ಸ್
ಆಂಟೆಕ್ಸ್ ಹಾಕಿದ್ದೇನೆ. ರೇಡೋಮ್ ಕೂಡುತ್ತದೆ. ಉಪಗ್ರಹಗಳದ್ದು ಫೈನಲ್ ಆರ್ಬಿಟ್, ಫೈನಲ್ ಕ್ಲಾಕ್.

ಡೊಂಬಿವಲಿ_ಚೋಕ್‌ರಿಂಗ್
ಹಾಗಾದರೆ ನಡುವೆ ಆಂಟೆನಾ ಬದಲಾಗಿರಬೇಕು. ಸ್ಟೇಷನ್ ಲಾಗ್ ನೋಡಿದಿರಾ? ನನ್ನ ಅನುಭವದಲ್ಲಿ ಹತ್ತರಲ್ಲಿ ಎಂಟು ಸಲ ಇದೇ.

ಹಡಪ್ಸರ್_ಧಾರವಾಡ
ಚೋಕ್‌ರಿಂಗ್ ಅವರ, ಸ್ವಲ್ಪ ತಡೀರಿ. ಆಂಟೆನಾ ತಪ್ಪಿದ್ರ ಸ್ಥಾನ ಸರೀತದ, ವೇಗ ಸರಿಯೂದಿಲ್ಲ. ಮೊದಲನೇ ದಿನಾ ಒಂದು ಸೆಂ.ಮೀ. ತಪ್ಪಿದ್ರ ಕಡೀ ದಿನಾನೂ ಅಷ್ಟೇ ತಪ್ಪತದ, ಗೆರಿ ಓರೆ ಹಂಗೇ ಉಳೀತದ. ನಡುವ ಬದಲಿ ಮಾಡಿದ್ರ ಒಂದು ಮೆಟ್ಟಿಲು ಕಾಣಬೇಕು. ವರ್ಷಕ್ಕ 35 ಅಂದ್ರ ದಿನಾ ಓಡಾಕತ್ತದ. ಅದು ಬ್ಯಾರೇನೇ ರೋಗ.

ಮಡಗಾಂವ್_ಟೆರೇಸ್
ನನಗೊಂದು ಅರ್ಥವಾಗಲಿಲ್ಲ. ಪರ್ವತ ಅಂದರೆ ಒತ್ತಿದ್ದಕ್ಕೆ ಎದ್ದದ್ದು ತಾನೆ? ಭಾರತ ಮತ್ತು ಟಿಬೆಟ್ ವರ್ಷಕ್ಕೆ ಸುಮಾರು 2 ಸೆಂ.ಮೀ. ಹತ್ತಿರವಾಗುತ್ತಿವೆ, ಹಿಮಾಲಯ ಕುಗ್ಗುತ್ತಿದೆ. ಬೆಟ್ಟ ಹಿಗ್ಗುವುದು ಹೇಗೆ? ಕಳೆಯುವಾಗ ಪ್ಲಸ್ ಮೈನಸ್ ತಿರುಗಿರಬಹುದು.

ಕೋಥ್ರೂಡ್_ರಿನೆಕ್ಸ್
ಚಿಹ್ನೆ ಸರಿ ಇದೆ. ಅಪೆನೈನ್ ಎದ್ದದ್ದು ಒತ್ತಡದಿಂದಲೇ, ಆದರೆ ಈಗ ಅದರ ನಡುಬೆನ್ನು ಎರಡೂ ಕಡೆಗೆ ಎಳೆತದಲ್ಲಿದೆ. ಅಲ್ಲಿನ ದೊಡ್ಡ ಸ್ತರಭಂಗಗಳಲ್ಲಿ (ಬಂಡೆಯ ಬಿರುಕುಗಳಲ್ಲಿ) ಒಂದು ಬದಿಯ ಬಂಡೆ ಕೆಳಕ್ಕೆ ಜಾರುತ್ತದೆ. ಹಿಗ್ಗಿದ ನೆಲದ ಗುರುತೇ ಅದು. ಹಿಮಾಲಯದ ಬೆನ್ನಿಗಿರುವ ದಕ್ಷಿಣ ಟಿಬೆಟ್ ಕೂಡ ಉತ್ತರ–ದಕ್ಷಿಣವಾಗಿ ಕುಗ್ಗುತ್ತಲೇ ಪೂರ್ವ–ಪಶ್ಚಿಮವಾಗಿ ಹಿಗ್ಗುತ್ತಿದೆ. ದಯವಿಟ್ಟು ನನ್ನ 35ಕ್ಕೆ ಬನ್ನಿ.

ಪನ್ವೇಲ್_ಬಸಾಲ್ಟ್
ಪುಣೆಯಲ್ಲಿದ್ದುಕೊಂಡು ಇಟಲಿ ಯಾಕೆ? ಬೆನ್ನ ಹಿಂದೆಯೇ ಕೊಯ್ನಾ ಇದೆ. 1967ರ ಡಿಸೆಂಬರ್ 11ರ 6.3ರ ಕಂಪನ ನಮ್ಮ ಮನೆಯಲ್ಲಿ ಇವತ್ತಿಗೂ ಮಾತಿಗೆ ಬರುತ್ತದೆ. ಇಲ್ಲಿ ಅಳೆಯುವುದು ಬಿಟ್ಟು ಪರದೇಶದ ಬೆಟ್ಟಕ್ಕೆ ರಾತ್ರಿ ಕಳೆಯುವುದು ನನಗೆ ಸರಿ ಕಾಣಲಿಲ್ಲ.

ಹಡಪ್ಸರ್_ಧಾರವಾಡ
ಕೊಯ್ನಾ ಬ್ಯಾರೆ ಕಥಿ ರೀ. ಅಲ್ಲಿ ಜಲಾಶಯದ ನೀರಿನ ಮಾತು, ಮತ್ತ ಬಂಡಿ ಮಗ್ಗಲಾಗಿ ಸರದದ್ದು. ನಮ್ಮ ಪ್ರಸ್ಥಭೂಮಿ ಒಳಗಿಂದೊಳಗ ಬದಲಾಗೂ ವೇಗ ಎಷ್ಟು ಸಣ್ಣದು ಅಂದ್ರ ಹವ್ಯಾಸಿ ಸಲಕರಣಿ ಗದ್ದಲದಾಗ ಮುಳುಗಿ ಹೋಗತದ. ಇಡೀ ಭಾರತ ಈಶಾನ್ಯಕ್ಕ ವರ್ಷಕ್ಕ 5 ಸೆಂ.ಮೀ. ಹೊಂಟದ ಖರೆ, ಆದ್ರ ಪುಣೆ ಕೊಯ್ನಾ ಎರಡೂ ಕೂಡೇ ಹೊಂಟಾವ.

ಹಾಂ, ಈ ಮಾತ ಹೇಳೂದರಾಗ ಒಂದು ನೆನಪಾತು. ರಿನೆಕ್ಸ್ ಅವರ, ಎರಡೂ ಸ್ಟೇಷನ್ ನೀವ ಪ್ರೊಸೆಸ್ ಮಾಡೀರೇನು?

ಪನ್ವೇಲ್_ಬಸಾಲ್ಟ್
ಸಣ್ಣದು ಅಂದ ಮಾತ್ರಕ್ಕೆ ಅಳೆಯಬಾರದು ಅಂತಿಲ್ಲ. ಇದನ್ನು ಬೇರೆ ಎಳೆಯಾಗಿ ತೆರೆಯುತ್ತೇನೆ.

ಮಡಗಾಂವ್_ಟೆರೇಸ್
ಪನ್ವೇಲ್ ಅವರೇ, ನಾನೂ ಬರುತ್ತೇನೆ. ನನ್ನಲ್ಲಿ ಎಫ್9ಪಿ ಅನ್ನುವ ಜಿಪಿಎಸ್ ರಿಸೀವರ್ ಎರಡು ವರ್ಷದಿಂದ ಬಿಟ್ಟೂ ಬಿಡದೆ ಓಡುತ್ತಿದೆ. ಪ್ಯಾರಾಪೆಟ್ ಮೇಲಲ್ಲ, ಮನೆಯ ಕಾಂಕ್ರೀಟ್ ಕಂಬದ ನೆತ್ತಿಗೆ ಸ್ಟೀಲ್ ರಾಡ್ ಕೂರಿಸಿ ಆಂಟೆನಾ ಕಟ್ಟಿದ್ದೇನೆ. ತೆಂಗಿನ ಗರಿ ಅಡ್ಡ ಬರುತ್ತಿದ್ದ ದಿಕ್ಕಿಗೆ 15 ಡಿಗ್ರಿ ಮಾಸ್ಕ್, ಅದಕ್ಕಿಂತ ಕೆಳಗಿನ ಉಪಗ್ರಹ ಲೆಕ್ಕಕ್ಕಿಲ್ಲ. ಮಳೆಗಾಲದಲ್ಲಿ ಎತ್ತರದ ಸಾಲು (ದಿನದಿನದ ಎತ್ತರದ ಅಂಕಿ) ಕುಣಿಯುತ್ತದೆ, ವಾತಾವರಣದ ತೇವ. ಆದರೂ ಈಶಾನ್ಯಕ್ಕೆ ಹೋಗುವ ಗೆರೆ ಅಷ್ಟು ಚೆಂದ ಬಂದಿದೆ, ಫೋಟೊ ಹಾಕಲೇ?

ಕೋಥ್ರೂಡ್_ರಿನೆಕ್ಸ್
@ಹಡಪ್ಸರ್: ಪೂರ್ವದ, ಆಡ್ರಿಯಾಟಿಕ್ ಕಡೆಯದನ್ನು ನಾನೇ ಮಾಡಿದ್ದು. ಪಶ್ಚಿಮದ ಸ್ಟೇಷನ್‌ಗೆ ರಿನೆಕ್ಸ್ ಇಳಿಸಲು ತುಂಬ ಹೊತ್ತು ಹಿಡಿಯಿತು, ಅದಕ್ಕೆ ಅಮೆರಿಕದ ನೆವಾಡಾ ಜಿಯೊಡೆಟಿಕ್ ಲ್ಯಾಬ್‌ನ ತಾಣದಿಂದ ದಿನದಿನದ ಸ್ಥಾನಗಳ ಸಿದ್ಧ ಸಾಲು ತಗೊಂಡೆ. ಸ್ಥಾನ ಅಂದರೆ ಸ್ಥಾನವೇ ಅಲ್ಲವೆ, ಅದಕ್ಕೇ ಹೇಳಿರಲಿಲ್ಲ.

ಹಡಪ್ಸರ್_ಧಾರವಾಡ
ಆ ಫೈಲಿನ ಹೆಸರಿನ್ಯಾಗ ಯಾವ ಚೌಕಟ್ಟು, ಅಂದ್ರ ಯಾವುದಕ್ಕ ಹೋಲಿಸಿ ಅಳದದ್ದು, ಅಂತ ಬರದದ? ಐಜಿಎಸ್ ಏನು, ಯುರೇಷ್ಯಾ ಏನು?

ಕೋಥ್ರೂಡ್_ರಿನೆಕ್ಸ್
ಯುರೇಷ್ಯಾ.

ಹಡಪ್ಸರ್_ಧಾರವಾಡ
ಸಿಕ್ತು. ನೀವ ಮಾಡಿದ್ದು ಐಜಿಎಸ್ ಚೌಕಟ್ಟಿನ್ಯಾಗ, ಅಂದ್ರ ಇಡೀ ಭೂಮಿ ಲೆಕ್ಕಕ್ಕ. ಅದರಾಗ ಯುರೇಷ್ಯಾ ಫಲಕಾನ ಓಡತದ. ಮಧ್ಯ ಇಟಲಿ ಹತ್ರ ವರ್ಷಕ್ಕ ಪೂರ್ವಕ್ಕ ಸುಮಾರು 22, ಉತ್ತರಕ್ಕ ಸುಮಾರು 16 ಮಿ.ಮೀ. ಇಳಿಸಿಕೊಂಡ ಸಾಲಿನ್ಯಾಗ ಆ ಓಟ ಮೊದಲ ಕಳದು ಇಟ್ಟಾರ. ಒಂದು ಸ್ಟೇಷನ್ ಓಡೂ ರೈಲಿನಾಗ ಕುಂತದ, ಇನ್ನೊಂದನ್ನ ನೀವು ಪ್ಲಾಟ್‌ಫಾರ್ಮ್ ಮ್ಯಾಲಿಂದ ಅಳೀಲಿಕ್ಕತ್ತೀರಿ. ಈಶಾನ್ಯ ದಿಕ್ಕಿಗೆ ಕೂಡಿಸಿದ್ರ ಆ ಓಟ 27ರ ಹತ್ರ ಬರತದ. 35ರಾಗ 27 ತಗೀರಿ, ಉಳಿದದ್ದು 8.

ಎರಡೂ ಒಂದೇ ಚೌಕಟ್ಟಿನ್ಯಾಗ ಇದ್ರ ಸಾಕು, ಯಾವುದಾದ್ರೂ ನಡೀತದ. ಫಲಕ ಇಡಿಯಾಗಿ ತಿರುಗಿದ್ರ ಎರಡು ಸ್ಟೇಷನ್ ನಡುವಿನ ಉದ್ದ ಬದಲಾಗೂದಿಲ್ಲ.

ಕೋಥ್ರೂಡ್_ರಿನೆಕ್ಸ್
ಪಶ್ಚಿಮದ್ದನ್ನೂ ಐಜಿಎಸ್‌ನಲ್ಲೇ ಇಳಿಸಿಕೊಂಡೆ. 8.3! ಮೂರು ವಾರ... ತುಂಬ ಧನ್ಯವಾದ. ಆದರೆ 8 ಕೂಡ 3 ಅಲ್ಲ.

ಡೊಂಬಿವಲಿ_ಚೋಕ್‌ರಿಂಗ್
ಗ್ರಾಫ್ ನೋಡಿದೆ. ನಡುವೆ ಒಂದು ಸೆಂ.ಮೀ.ಗೂ ಮಿಕ್ಕಿದ ಮೆಟ್ಟಿಲು ಸ್ಪಷ್ಟವಾಗಿದೆ. ಮೊದಲ ದಿನದಿಂದ ನಾನು ಹೇಳುತ್ತಿರುವುದು ಇದನ್ನೇ.

ಹಡಪ್ಸರ್_ಧಾರವಾಡ
ಮೆಟ್ಟಿಲು ಖರೆ. ತಾರೀಖು ಏನದ?

ಕೋಥ್ರೂಡ್_ರಿನೆಕ್ಸ್
2014ರಿಂದ 2018ರ ಸಾಲು ಇದು. ಮೆಟ್ಟಿಲು 2016ರ ಅಕ್ಟೋಬರ್ ಕೊನೆಗೆ.

ಹಡಪ್ಸರ್_ಧಾರವಾಡ
ವರ್ಷ ಮೊದಲ ಹೇಳಿದ್ರ ಎಷ್ಟು ಹೊತ್ತು ಉಳೀತಿತ್ತು! 2016ರ ಆಗಸ್ಟ್ 24 ಅಮಾತ್ರಿಚೆ, ಅಕ್ಟೋಬರ್ 30 ನೋರ್ಚಾ, ಎರಡೂ ಅಪೆನೈನ್ ಊರಾಗ ಭೂಕಂಪ. ನೋರ್ಚಾದ್ದು 6.5. ನೂರಾರು ವರ್ಷ ಹಿಡಿದಿಟ್ಟ ಹಿಗ್ಗುವಿಕೆ ಒಂದೇ ಏಟಿಗೆ ಬಿಡುಗಡೆ ಆಗೇದ. ಅದರ ಮ್ಯಾಲಿಂದ ಒಂದೇ ಗೆರಿ ಎಳದ್ರ ಓರೆ ಹೆಚ್ಚಾಗೇ ಆಗತದ.

ಡೊಂಬಿವಲಿ_ಚೋಕ್‌ರಿಂಗ್
ಅದೇ ವಾರ ಆಂಟೆನಾವನ್ನೂ ಬದಲಿಸಿರಬಾರದು ಅಂತೇನಿಲ್ಲ. ಲಾಗ್ ನೋಡದೆ ಒಪ್ಪುವುದಿಲ್ಲ.

ಕೋಥ್ರೂಡ್_ರಿನೆಕ್ಸ್
ಲಾಗ್ ತೆರೆದೆ. ಎರಡೂ ಕಡೆ ಆ ನಾಲ್ಕು ವರ್ಷ ಒಂದೇ ಆಂಟೆನಾ. ಆ ಮೆಟ್ಟಿಲು ನೆಲದ್ದೇ. ಒಂದು ಕ್ಷಣ ಕೈ ಓಡಲಿಲ್ಲ. ನಾನು ಅಳಿಸಬೇಕು ಅಂದುಕೊಂಡ ದೋಷ ಒಂದು ಊರಿನ ಮನೆಗಳು ಬಿದ್ದ ಬೆಳಗು.

ಈಗ ಮೆಟ್ಟಿಲನ್ನು ಬೇರೆ ಲೆಕ್ಕ ಹಾಕಲೇ, ಅಥವಾ ಆ ಭಾಗವನ್ನೇ ಬಿಡಲೇ?

ಹಡಪ್ಸರ್_ಧಾರವಾಡ
ಬಿಡ್ರಿ. ಕಂಪನ ಆದ ಮ್ಯಾಲೂ ನೆಲ ತಿಂಗಳಗಟ್ಟಲೆ ನಿಧಾನಕ್ಕ ಜಾರತಿರತದ. ಆಗಸ್ಟ್ 23ಕ್ಕ ನಿಲ್ಲಿಸಿ ಹಿಂದಕ್ಕ ಹೋಗ್ರಿ, ಆದ್ರ 2009ರ ಕಂಪನದ ಬಾಲಕ್ಕ ತಾಗಬ್ಯಾಡ್ರಿ. ಎರಡೂವರಿ ವರ್ಷಕ್ಕಿಂತ ಕಡಿಮಿ ಆದ್ರ ಋತುಮಾನದ ಏರಿಳಿತ ವೇಗದಾಗ ಸೇರಿಕೊಂಡು ಬಿಡತದ. ವಾರ್ಷಿಕ, ಅರ್ಧವಾರ್ಷಿಕ ಅಲೆ ಎರಡನ್ನೂ ಗೆರಿ ಕೂಡೇ ಹೊಂದಸ್ರಿ.

ಕೋಥ್ರೂಡ್_ರಿನೆಕ್ಸ್
2012ರ ಜನವರಿಯಿಂದ 2016ರ ಆಗಸ್ಟ್ 23. ಈ ಸಲ ಎರಡನ್ನೂ ನಾನೇ ಪ್ರೊಸೆಸ್ ಮಾಡಿದೆ, ಲ್ಯಾಪ್‌ಟಾಪ್ ಐದು ರಾತ್ರಿ ಓಡಿತು. 3.2 ಮಿ.ಮೀ.

ಮಡಗಾಂವ್_ಟೆರೇಸ್
ಅಭಿನಂದನೆ! ಹೊಸ ಎಳೆಯಲ್ಲಿ ನನ್ನ ಕಂಬದ ಫೋಟೊ ಹಾಕಿದ್ದೇನೆ, ಬನ್ನಿ.

ಡೊಂಬಿವಲಿ_ಚೋಕ್‌ರಿಂಗ್
ಎತ್ತರದ ಸಾಲು ಹಾಕಿ. ಅಲ್ಲಿ ಗದ್ದಲ ಎರಡು-ಮೂರು ಪಟ್ಟು ಹೆಚ್ಚು, ಆಂಟೆನಾದ ಮಾತು ಇನ್ನೂ ಮುಗಿದಿಲ್ಲ.